ಹನ್ನೊಂದು ಪಾಯಿಂಟ್ ಮೂರು

ನನ್ನ ಹೆಬ್ಬೆರಳಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಅಲ್ಲಿಂದ ಶುರು ಮಾಡದೆ ಈ ಕತೆ ಹೇಳುವುದಕ್ಕಾಗುವುದಿಲ್ಲ. ಕಸುಬಿನಿಂದ ನಾನು ವಾಚು ರಿಪೇರಿ ಮಾಡುವವನು. ಇಬ್ಬರು ಒಳಗೆ ಬಂದರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು, ಅಷ್ಟು ಸಣ್ಣ ಅಂಗಡಿ. ಓಟದ ಪಂದ್ಯವಿದ್ದ ದಿನ ಅಂಗಡಿಯ ಬಾಗಿಲು ಹಾಕಿ, ಬಿಳಿ ಟೋಪಿ ಇಟ್ಟು, ಕೊರಳಿಗೆ ಸ್ಟಾಪ್‌ವಾಚ್ ಹಾಕಿಕೊಂಡು ಮೈದಾನಕ್ಕೆ ಹೋಗುತ್ತಿದ್ದೆ. ಮೂವತ್ತೊಂದು ವರ್ಷ ಹಾಗೆ ಹೋದೆ. ಅದರಲ್ಲಿ ಕೊನೆಯ ಹದಿನಾಲ್ಕು ವರ್ಷ ಮುಖ್ಯ ಟೈಮ್‌ಕೀಪರ್. ಮೈದಾನದಲ್ಲಿ ಎಲ್ಲರಿಗೂ ನಾನು ವಾಚಣ್ಣ. "ಇನ್ನೊಂದ್ಸಲ ಹೆಬ್ಬೆರಳು ಹೆಬ್ಬೆರಳು ಅಂದ್ರೆ ಅದರ ಫೋಟೋ ತೆಗೆಸಿ, ಹಾರ ಹಾಕಿ ಗೋಡೆಗೆ ನೇತುಹಾಕ್ತೀನಿ ನೋಡಿ" ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು.

ಕೈವಾಚಿನಲ್ಲಿ ಓಟ ಅಳೆಯುವವನಿಗೆ ಮೊದಲ ಪಾಠ: ಕಿವಿಯನ್ನು ನಂಬಬೇಡ, ಕಣ್ಣನ್ನು ನಂಬು. ನಾವು ನಿಲ್ಲುವುದು ಓಟ ಮುಗಿಯುವ ಗೆರೆಯ ಪಕ್ಕ. ಪಿಸ್ತೂಲು ಹಾರಿಸುವವನು ನೂರು ಮೀಟರ್ ಆಚೆ. ಪಿಸ್ತೂಲಿನ ಬಾಯಲ್ಲಿ ಹೊಗೆ ಕಂಡ ಕ್ಷಣ ಗುಂಡಿ ಒತ್ತಬೇಕು. ಸದ್ದಿಗೆ ಕಾದರೆ ಕೆಟ್ಟೆವು, ಏಕೆಂದರೆ ಸದ್ದು ಅಷ್ಟು ದೂರ ಬರುವಷ್ಟರಲ್ಲಿ ಸೆಕೆಂಡಿನ ಹತ್ತು ಪಾಲಿನಲ್ಲಿ ಮೂರು ಪಾಲು ಕಳೆದಿರುತ್ತದೆ. ವಾಚು ಅಷ್ಟು ತಡವಾಗಿ ಶುರುವಾದರೆ ಓಡಿದವರು ಅಷ್ಟು ಬೇಗ ಓಡಿದಂತೆ ಕಾಣುತ್ತದೆ. ಹತ್ತರಲ್ಲಿ ಮೂರು ಅಂದರೆ ನಿಮಗೆ ಒಂದು ಸಲ ಕಣ್ಣು ಮಿಟುಕಿಸಿದಷ್ಟು. ನೂರು ಮೀಟರ್ ಓಡುವವರು ಅಷ್ಟನ್ನು ಇಳಿಸಲು ಎರಡು ಮೂರು ವರ್ಷ ಬೆವರು ಸುರಿಸುತ್ತಾರೆ.

ಎರಡನೆಯ ಪಾಠ: ಮೊದಲು ಬಂದವರನ್ನು ಮೂರು ಜನ ಅಳೆಯಬೇಕು, ಒಬ್ಬರ ವಾಚು ಇನ್ನೊಬ್ಬರು ನೋಡದೆ ತಮ್ಮ ತಮ್ಮ ಚೀಟಿಯಲ್ಲಿ ಬರೆಯಬೇಕು. ಇದು ಪುಸ್ತಕದ ಮಾತು. ನಮ್ಮಲ್ಲಿ ನಡೆಯುತ್ತಿದ್ದುದೇ ಬೇರೆ. ನನ್ನ ಜೊತೆಯ ಇಬ್ಬರು, ಡ್ರಾಯಿಂಗ್ ಮೇಷ್ಟ್ರು ಮತ್ತು ಬ್ಯಾಂಕಿನ ಗುಮಾಸ್ತ, ಚೀಟಿಗೆ ಪೆನ್ನು ತಾಗಿಸುವ ಮೊದಲು ನನ್ನ ಕಡೆ ಬಗ್ಗಿ "ಅಣ್ಣಾ, ನಿಮ್ಮದೆಷ್ಟು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರದು ಎಂದೂ ನನ್ನದಕ್ಕಿಂತ ಒಂದು ಪಾಲಿನಾಚೆ ಹೋಗುತ್ತಿರಲಿಲ್ಲ. ಅದನ್ನು ನಾನು ಮೂವರ ಕೈಯೂ ಪಳಗಿದ್ದಕ್ಕೆ ಸಾಕ್ಷಿ ಎಂದುಕೊಂಡಿದ್ದೆ.

ಕಡ್ಡಿ ಎಂಬ ಹುಡುಗಿ ನಮ್ಮ ಹಿಂದಿನ ಬೀದಿಯವಳು. ಹದಿನೈದು ವರ್ಷ. ಮೈಯಲ್ಲಿ ಮಾಂಸ ಎಂಬುದೇ ಇಲ್ಲದ್ದರಿಂದ ಆ ಹೆಸರು. "ಗಾಳಿ ಬೀಸಿದ್ರೆ ಹಾರಿಹೋಗ್ತಾಳೆ, ಅದಕ್ಕೇ ಮುಂಚೇನೇ ಓಡಿಬಿಡ್ತಾಳೆ" ಎಂದು ಬೀದಿಯವರ ತಮಾಷೆ. ತಂದೆ ಇಲ್ಲ. ತಾಯಿ ಔಷಧಿ ಅಂಗಡಿಯೊಂದರಲ್ಲಿ ಡಬ್ಬಿ ಜೋಡಿಸುವ ಕೆಲಸ ಮಾಡುತ್ತಿದ್ದಳು. ಹುಡುಗಿಯನ್ನು ನಾನು ಹನ್ನೆರಡು ವರ್ಷದವಳಿದ್ದಾಗಿನಿಂದ ಅಳೆದಿದ್ದೆ. ಆ ವರ್ಷದ ಪಂದ್ಯಕ್ಕೆ ಮುಂಚೆ ಅವಳ ಅತ್ಯುತ್ತಮ ಓಟ ಹನ್ನೊಂದು ಪಾಯಿಂಟ್ ಎಂಟು ಸೆಕೆಂಡು. ಆ ಪಂದ್ಯದಲ್ಲಿ ಚೆನ್ನಾಗಿ ಓಡಿದರೆ ಕಿರಿಯರ ತಂಡದ ಶಿಬಿರಕ್ಕೆ ಆಯ್ಕೆ. ಶಿಬಿರ ಅಂದರೆ ಹಾಸ್ಟೆಲ್ಲು, ಓದು, ಒಳ್ಳೆಯ ಬೂಟು, ಮುಂದೆ ಒಂದು ಕೆಲಸ. ತಾಯಿ ಮಗಳ ಬದುಕು ಆ ಗೆರೆಯಾಚೆ ಇತ್ತು ಎಂದರೆ ಹೆಚ್ಚಾಗದು.

ಫೈನಲ್ ಓಟ ಸಂಜೆಗೆ. ಬಿಸಿಲು ಪಿಸ್ತೂಲಿನವನ ಬೆನ್ನ ಹಿಂದಿನಿಂದ ನೇರ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಕೆಲವು ತಿಂಗಳಿಂದ ನನ್ನ ಬಲಗಣ್ಣು ಮಂಜುಮಂಜಾಗಿತ್ತು. ಹೆಂಡತಿ ನಾಲ್ಕು ಸಲ ಹೇಳಿದ್ದಳು. ಲೋಟದ ಬದಲು ಮೇಜಿಗೆ ನೀರು ಬಗ್ಗಿಸಿದಾಗ ಐದನೆಯ ಸಲವೂ ಹೇಳಿದ್ದಳು. ಕೂದಲೆಳೆಯಂಥ ಸ್ಪ್ರಿಂಗು ಜೋಡಿಸುವವನಿಗೆ ಕಣ್ಣಿನ ಬುದ್ಧಿ ಹೇಳಲು ಬರುತ್ತೀಯಾ ಎಂದು ಗದರಿದ್ದೆ.

ಪಿಸ್ತೂಲು ಮೇಲೆದ್ದದ್ದು ಕಂಡಿತು. ಹೊಗೆ ಕಾಣಲಿಲ್ಲ. ಸದ್ದು ಕೇಳಿತು, ನನ್ನ ಹೆಬ್ಬೆರಳು ಒತ್ತಿತು. ಅದು ತಪ್ಪು ಎಂದು ಆ ಕ್ಷಣಕ್ಕೆ ಗೊತ್ತಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ಎಂಟು ಹುಡುಗಿಯರು ನಮ್ಮತ್ತ ನುಗ್ಗಿ ಬರುತ್ತಿದ್ದರು, ಕಡ್ಡಿ ಎಲ್ಲರಿಗಿಂತ ಮುಂದಿದ್ದಳು, ಅವಳ ಎದೆ ಗೆರೆ ದಾಟಿದಾಗ ನಾನು ಮತ್ತೆ ಒತ್ತಿದೆ. ವಾಚು ನೋಡಿದೆ. ಹನ್ನೊಂದು ಪಾಯಿಂಟ್ ಮೂರು. ಅಂಥ ಅಂಕಿಯನ್ನು ನಮ್ಮ ಮೈದಾನ ಕಂಡಿರಲಿಲ್ಲ. ಸದ್ದು, ಹೊಗೆ ಎಲ್ಲ ಮರೆತೇ ಹೋಯಿತು.

"ಅಣ್ಣಾ, ನಿಮ್ಮದೆಷ್ಟು?" ಎಂದರು ಮೇಷ್ಟ್ರು.

"ಹನ್ನೊಂದು ಮೂರು."

ಅವರು ಒಂದು ಗಳಿಗೆ ತಮ್ಮ ವಾಚನ್ನೇ ನೋಡುತ್ತಿದ್ದು, ಆಮೇಲೆ ಬರೆದರು. ಹನ್ನೊಂದು ಪಾಯಿಂಟ್ ನಾಲ್ಕು. ಗುಮಾಸ್ತನ ಚೀಟಿಯಲ್ಲಿ ಹನ್ನೊಂದು ಪಾಯಿಂಟ್ ಮೂರು. ಮೂರು ವಾಚು ಒಂದೇ ಮಾತು ಹೇಳಿದ ಮೇಲೆ ಇನ್ನೇನು, ಧ್ವನಿವರ್ಧಕದಲ್ಲಿ ಕೂಗಿದರು, ಮೈದಾನ ಎದ್ದು ನಿಂತಿತು. ಹುಡುಗಿ ಮಾತ್ರ ಮೊಣಕಾಲಿಗೆ ಕೈಯೂರಿ ನಿಂತವಳು ತಲೆ ಎತ್ತಿ, ಯಾರ ಹೆಸರು ಕೂಗಿದರೋ ಎನ್ನುವಂತೆ ಅತ್ತಿತ್ತ ನೋಡಿದಳು.

ಮುಂದಿನದಕ್ಕೆ ನನ್ನ ನಾಲಿಗೆಯೇ ಕಾರಣ. ಕ್ರೀಡಾ ಸಂಘದ ಕಾರ್ಯದರ್ಶಿ ಬಂದು ಬೆನ್ನು ತಟ್ಟಿ, "ಏನ್ ವಾಚಣ್ಣ, ಒಂದೇ ವರ್ಷದಲ್ಲಿ ಅರ್ಧ ಸೆಕೆಂಡು ಇಳಿಸಿಬಿಟ್ಲಲ್ಲ ಹುಡುಗಿ?" ಎಂದ. ನನಗೂ ಅದು ಜೀರ್ಣವಾಗಿರಲಿಲ್ಲ. ನನ್ನ ವಾಚು ತಪ್ಪಲಾರದು, ಅಂದಮೇಲೆ ತಪ್ಪು ಅವಳಲ್ಲೇ ಇರಬೇಕು ಎಂಬ ಹಾಗೆ ನನ್ನ ತಲೆ ಓಡಿತು. "ಬರೀ ಕಾಲಿನ ಕೆಲಸ ಅಲ್ಲ ಬಿಡಿ ಇದು" ಎಂದೆ. ಅಷ್ಟೇ ಅಂದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಾರದೊಳಗೆ ಅದು ಊರು ಸುತ್ತಿ ಹೊಸ ಬಟ್ಟೆ ಉಟ್ಟುಕೊಂಡು ನನ್ನ ಅಂಗಡಿಗೇ ವಾಪಸು ಬಂತು. "ತಾಯಿ ಔಷಧಿ ಅಂಗಡೀಲಿ, ಮಗಳು ಓಟದಲ್ಲಿ. ಇನ್ನೂ ಬಿಡಿಸಿ ಹೇಳ್ಬೇಕಾ?" ಎಂದ ಬ್ಯಾಟರಿ ಹಾಕಿಸಲು ಬಂದವನೊಬ್ಬ. "ಬೆಂಕಿ ಇಲ್ಲದೆ ಹೊಗೆ ಆಡುತ್ತಾ?" ಎಂದ ಇನ್ನೊಬ್ಬ. ಎರಡು ವಾರದ ಮೇಲೆ ಉದ್ದೀಪನ ಮದ್ದಿನ ಪರೀಕ್ಷೆಯವರು ಬಂದರು. ಒಬ್ಬ ಹೆಂಗಸು ಮುಚ್ಚಳವಿದ್ದ ಡಬ್ಬಿ ಹಿಡಿದು ಆ ಎರಡು ಕೋಣೆಯ ಮನೆಯಲ್ಲಿ ಮೂರು ಗಂಟೆ ಕೂತಿದ್ದಳಂತೆ. ಹುಡುಗಿಗೆ ಹೆದರಿಕೆಗೆ ಮೂತ್ರವೇ ಬರಲಿಲ್ಲ. ಚೊಂಬುಗಟ್ಟಲೆ ನೀರು ಕುಡಿದು ಕುಡಿದು ಕೊನೆಗೆ ವಾಂತಿ ಮಾಡಿದಳಂತೆ. ಬಂದಾಗಲೂ ಬಚ್ಚಲಿನ ಬಾಗಿಲು ಹಾಕುವ ಹಾಗಿಲ್ಲ, ಆ ಹೆಂಗಸು ನೋಡುತ್ತ ನಿಂತಿರಬೇಕು, ನಿಯಮ ಹಾಗೆ. ಎದುರು ಮನೆಯವರೆಲ್ಲ ಜಗುಲಿಯಲ್ಲಿ ಸೇರಿದ್ದರು. ಇದನ್ನೆಲ್ಲ ನನ್ನ ಹೆಂಡತಿ ಕೇಳಿಕೊಂಡು ಬಂದು ಹೇಳಿದಳು. ಫಲಿತಾಂಶ ಬರುವವರೆಗೆ ಆಯ್ಕೆ ತಡೆಹಿಡಿಯಲಾಗಿದೆ ಎಂದು ಸಂಘ ತಿಳಿಸಿತು.

ಅದೇ ವಾರ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಕಡ್ಡಿ ಗೆರೆ ದಾಟುತ್ತಿರುವುದು, ಹಿಂದೆ ಎರಡನೆಯ ಹುಡುಗಿ. ಕೆಳಗೆ 'ಅನುಮಾನದ ಓಟ' ಎಂದು ಬರೆದಿದ್ದರು. ಅಂಗಡಿಯಲ್ಲಿ ಕೂತು ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಫೋಟೋ ನೋಡಿದೆ. ಎರಡನೆಯ ಹುಡುಗಿಯನ್ನು ಅಳೆದವರು ಬೇರೆ ಮೂವರು. ಅವರ ಲೆಕ್ಕದಲ್ಲಿ ಅವಳು ಹನ್ನೊಂದು ಪಾಯಿಂಟ್ ಒಂಬತ್ತು. ಇಬ್ಬರ ನಡುವೆ ಆರು ಪಾಲು ವ್ಯತ್ಯಾಸ ಅಂದರೆ ಆ ವೇಗದಲ್ಲಿ ಐದು ಮೀಟರ್ ಅಂತರವಿರಬೇಕು. ಫೋಟೋದಲ್ಲಿ ಎರಡೂವರೆ ಮೀಟರ್ ಇದ್ದರೆ ಹೆಚ್ಚು. ಉಳಿದ ಎರಡೂವರೆ ಮೀಟರ್ ಎಲ್ಲಿ ಹೋಯಿತು ಎಂದು ಬೇರೆ ಯಾರಿಗೂ ಅನಿಸದೆ ಇದ್ದಿರಬಹುದು. ಅವತ್ತು ಸದ್ದಿಗೆ ಒತ್ತಿದ್ದು ನನಗೆ ನೆನಪಾಯಿತು.

ಶಾಲೆ ಬಿಡುವ ಹೊತ್ತಿಗೆ ಡ್ರಾಯಿಂಗ್ ಮೇಷ್ಟ್ರ ಮುಂದೆ ಹೋಗಿ ನಿಂತೆ.

"ಮೇಷ್ಟ್ರೇ, ಅವತ್ತು ನಿಮ್ಮ ವಾಚಲ್ಲಿ ಎಷ್ಟಿತ್ತು?"

"ಬರೆದಿದೀನಲ್ಲಣ್ಣ."

"ಬರೆದಿದ್ದಲ್ಲ. ಇದ್ದಿದ್ದು."

ಅವರು ಬಣ್ಣ ಮೆತ್ತಿದ ಬೆರಳನ್ನು ಬಟ್ಟೆಗೆ ಒರೆಸುತ್ತ ನಿಂತರು. "ಹನ್ನೊಂದು ಆರು" ಎಂದರು ಮೆಲ್ಲಗೆ. "ಗುಮಾಸ್ತರದ್ದೂ ಅಷ್ಟೇ. ನೀವು ಮೂರು ಅಂದ್ರಲ್ಲಣ್ಣ. ನಾವೇ ತಡವಾಗಿ ಒತ್ತಿರ್ಬೇಕು... ಅಲ್ಲ, ಬೇಗ ಒತ್ತಿರ್ಬೇಕು ಅಂದ್ಕೊಂಡ್ವಿ. ನಿಮ್ಮದು ತಪ್ಪಾಗುತ್ತಾ?"

"ಹೊಗೆ ಕಂಡಿತ್ತಾ ನಿಮಗೆ?"

"ಕಂಡಿತ್ತಣ್ಣ. ಚೆನ್ನಾಗಿ ಕಂಡಿತ್ತು."

ಹನ್ನೊಂದು ಆರು. ಆ ವಯಸ್ಸಿಗೆ ಎಷ್ಟು ಒಳ್ಳೆಯ ಓಟ ಅದು. ಶಿಬಿರಕ್ಕೆ ಧಾರಾಳವಾಗಿ ಸಾಕಿತ್ತು, ಯಾರೂ ಹುಬ್ಬೇರಿಸುತ್ತಿರಲಿಲ್ಲ. ಹುಡುಗಿಗೆ ಇಲ್ಲದ ಕೋಡು ಮೂಡಿಸಿ ಆ ಕೋಡಿಗೇ ಹಗ್ಗ ಹಾಕಿದ್ದೆ ನಾನು.

ಅಂದೇ ಸಂಘಕ್ಕೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಏಕೆಂದರೆ ಏನೂ ಇಲ್ಲ. ಫಲಿತಾಂಶ ಬರಲಿ, ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೂವತ್ತೊಂದು ವರ್ಷದ ಹೆಸರನ್ನು ಒಂದು ಮಂಜುಗಣ್ಣಿಗಾಗಿ ಬೀದಿಗೆ ಹಾಕಲು ಮನಸ್ಸು ಬರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ, ಇತ್ತು ಎಂದು ಈಗ ನಟಿಸಲಾರೆ.

ಆರು ವಾರದ ಮೇಲೆ ಫಲಿತಾಂಶ ಬಂತು. ಶುದ್ಧ. "ಸಿಕ್ಕಿಬಿದ್ದಿಲ್ಲ ಅಷ್ಟೆ" ಎಂದರು ಜನ. ಸಂಘದವರು ಇನ್ನೊಂದು ಅವಕಾಶ ಕೊಟ್ಟರು: ದೊಡ್ಡ ಮೈದಾನದಲ್ಲಿ, ಯಂತ್ರದ ಅಳತೆಯಲ್ಲಿ, ಒಂದು ಓಟ ಓಡಿ ತೋರಿಸಲಿ. ನಾನು ಪ್ರೇಕ್ಷಕರ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಕಾರ್ಯದರ್ಶಿ. ಹುಡುಗಿ ಇನ್ನೂ ಒಂದು ಸುತ್ತು ಸಣ್ಣಗಾಗಿದ್ದಳು, ಆದರೂ ಚೆನ್ನಾಗಿಯೇ ಓಡಿದಳು. ಹಲಗೆಯ ಮೇಲೆ ಹನ್ನೊಂದು ಪಾಯಿಂಟ್ ಎಂಟು ಎಂದು ಬಂತು. ಯಂತ್ರದಲ್ಲಿ ಯಾವಾಗಲೂ ಕೈವಾಚಿಗಿಂತ ಎರಡು ಪಾಲು ಹೆಚ್ಚೇ ತೋರಿಸುತ್ತದೆ. ಅಂದರೆ ಅವಳು ಅಂದು ಓಡಿದಷ್ಟನ್ನೇ, ಒಂದು ಪಾಲೂ ಹೆಚ್ಚು ಕಡಿಮೆ ಇಲ್ಲದೆ, ಮತ್ತೆ ಓಡಿದ್ದಳು.

"ನೋಡಿದ್ರಾ?" ಎಂದ ಕಾರ್ಯದರ್ಶಿ. "ಔಷಧಿ ನಿಲ್ತು, ವೇಗ ಇಳೀತು." ಆಮೇಲೆ, ಅವನಿಗೂ ಎಲ್ಲೋ ಒಂದು ಮೂಲೆಯಲ್ಲಿ ಚುಚ್ಚಿರಬೇಕು, ನನ್ನ ಕಡೆ ತಿರುಗಿ ಕೇಳಿದ: "ಅಲ್ಲ ವಾಚಣ್ಣ, ಅವತ್ತು ನಿಮ್ಮ ವಾಚು ಸರಿ ಇತ್ತು ತಾನೆ?"

ಬಾಗಿಲು ತೆರೆದು ಒಳಗೆ ಬಾ ಎಂದಂತಿತ್ತು ಆ ಪ್ರಶ್ನೆ. "ನನ್ನ ವಾಚು ಯಾವತ್ತಾದ್ರೂ ಕೆಟ್ಟಿದ್ದುಂಟಾ?" ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅವನು ತಲೆಯಾಡಿಸಿ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆದ. ಕೆಳಗೆ ಹುಡುಗಿ ಹಲಗೆಯ ಅಂಕಿ ನೋಡುತ್ತ, ಬೂಟಿನ ದಾರ ಬಿಚ್ಚುವುದನ್ನೂ ಮರೆತು ನಿಂತಿದ್ದಳು.

ಅದಾದ ಮೇಲೆ ನಾನು ಮೈದಾನಕ್ಕೆ ಹೋಗುವುದನ್ನು ಬಿಟ್ಟೆ, ಸೊಂಟ ನೋವು ಎಂದು ಹೇಳಿ. ಕಣ್ಣಿನ ಪೊರೆ ತೆಗೆಸಿಕೊಂಡೆ. ಬೀದಿಯಲ್ಲಿ ಓಟದ ಮಾತು ಬಂದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೆಂಡತಿ ನನ್ನನ್ನೇ ದಿಟ್ಟಿಸುತ್ತಿದ್ದಳು. ಔಷಧಿ ಅಂಗಡಿಯವನು ಹುಡುಗಿಯ ತಾಯಿಯನ್ನು ಕೆಲಸದಿಂದ ಬಿಡಿಸಿದ, ಈಗ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾಳೆ ಎಂದು ಕೇಳಿದೆ. ಹೀಗೆ ಎಂಟು ತಿಂಗಳು ಹೋಯಿತು.

ಒಂದು ಮಧ್ಯಾಹ್ನ ಹುಡುಗಿ ಅಂಗಡಿಗೆ ಬಂದಳು. ಕೈಯಲ್ಲಿ ವಾಚು ಗೀಚು ಏನೂ ಇರಲಿಲ್ಲ.

"ತಾತ, ಒಂದು ಕೇಳ್ಬೇಕಿತ್ತು."

"ಕೇಳಮ್ಮ."

"ಅವತ್ತು ಹನ್ನೊಂದು ಮೂರು ನಿಜವಾಗ್ಲೂ ಬಂತಾ?"

ನಾನು ಇಕ್ಕಳ ಕೆಳಗಿಟ್ಟೆ. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಬಹಳ ದಿನ ಒಳಗೇ ಉರು ಹಾಕಿದ ಮಾತಿನಂತೆ ಒಂದೇ ಉಸಿರಿಗೆ ಹೇಳಿದಳು.

"ದಿನಾ ಬೆಳಿಗ್ಗೆ ಒಬ್ಳೇ ಓಡ್ತೀನಿ ತಾತ. ಫೋನಲ್ಲಿ ವಿಡಿಯೋ ತೆಗೆದು ಲೆಕ್ಕ ಹಾಕ್ತೀನಿ. ಹನ್ನೊಂದು ಎಂಟು, ಹನ್ನೊಂದು ಏಳು. ಪ್ರಾಣ ಬಿಟ್ಟು ಓಡಿದ್ರೂ ಅಷ್ಟೇ. ಅಂದ್ಮೇಲೆ ಅವತ್ತು ನನ್ನ ಮೈಯಲ್ಲಿ ಏನೋ ಇತ್ತು. ನಾನಂತೂ ಏನೂ ತಗೊಂಡಿಲ್ಲ. ನಂಗೆ ಊಟ ಹಾಕ್ತಿದ್ದಿದ್ದು ಅಮ್ಮ ಒಬ್ಳೇ."

"ಪರೀಕ್ಷೇಲಿ ಏನೂ ಇಲ್ಲ ಅಂತ ಬಂತಲ್ಲಮ್ಮ?"

"ಎರಡು ವಾರ ಆದ್ಮೇಲೆ ತಾನೆ ಮಾಡಿದ್ದು? ಅಷ್ಟರಲ್ಲಿ ಮೈಯಿಂದ ಹೋಗಿರುತ್ತಂತೆ, ಎಲ್ಲರೂ ಹೇಳ್ತಾರೆ." ಅವಳು ಗಾಜಿನ ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಅಮ್ಮ ಇಲ್ಲ ಅಂತಾಳೆ. ಆಣೆ ಮಾಡ್ತಾಳೆ. ಆದ್ರೆ ನೀವು ಮೂರು ಜನ ಅಳೆದಿದ್ದು ಸುಳ್ಳಾಗುತ್ತಾ? ಅದಕ್ಕೇ ಅವಳು ಮಾಡಿದ್ದು ನಾನು ತಿನ್ನಲ್ಲ. ನಂದು ನಾನೇ ಬೇಯಿಸ್ಕೋತೀನಿ. ನಿಜ ಏನು ಅಂತ ಗೊತ್ತಾದ್ರೆ ಸಾಕು ನಂಗೆ. ಓಟ ಹೋಯ್ತು, ಹೋಗ್ಲಿ."

ನನ್ನಿಂದ ಹುಡುಗಿಯ ಓಟ ಹೋಗಿದೆ ಎಂದಷ್ಟೇ ನಾನು ಎಂಟು ತಿಂಗಳು ಕೊರಗಿದ್ದೆ. ಅದು ಅವರ ಒಲೆಯವರೆಗೆ ಹೋಗಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಬಿಸಿಲು, ಕಣ್ಣು, ಸದ್ದು, ಮೇಷ್ಟ್ರ ಚೀಟಿ, ಫೋಟೋ, ಬೆಂಚಿನ ಮೇಲೆ ನಾನು ಕೊಟ್ಟ ಉತ್ತರ, ಯಾವುದನ್ನೂ ಬಿಡಲಿಲ್ಲ. ಅವಳು ಅಳುತ್ತಾಳೆ, ಇಲ್ಲವೇ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಾಳೆ ಎಂದುಕೊಂಡೆ.

"ಹಾಗಾದ್ರೆ ಅವತ್ತು ನಾನು ಓಡಿದ್ದು ಎಷ್ಟು?"

"ಹನ್ನೊಂದು ಆರು."

"ಅದು ನಂದೇನಾ?"

"ಪೂರ್ತಿ ನಿಂದೇ ತಾಯಿ."

ಅವಳು ಬಾಗಿಲ ಕಡೆ ತಿರುಗಿದಳು. "ನಮ್ಮನೆಗೆ ಬನ್ನಿ. ಅಮ್ಮನ ಮುಂದೆ ಹೇಳಿ" ಎಂದಳು. ನಾನು ಅಂಗಡಿಗೆ ಬೀಗ ಹಾಕಿ ಅವಳ ಹಿಂದೆ ನಡೆದೆ. ಮಾಮೂಲಿ ನಡಿಗೆಯಲ್ಲೇ ಅವಳು ನನಗಿಂತ ಹತ್ತು ಹೆಜ್ಜೆ ಮುಂದಿದ್ದಳು, ಒಂದು ಸಲವೂ ತಿರುಗಿ ನೋಡಲಿಲ್ಲ.

ತಾಯಿ ಬಟ್ಟೆ ಅಂಗಡಿಯಿಂದ ಬರುವವರೆಗೆ ಕಾದೆವು. ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ. ಒಳಗೆ ಅಡುಗೆಯ ಕಟ್ಟೆಯ ಮೇಲೆ ಎರಡು ತಟ್ಟೆ, ಎರಡು ಪಾತ್ರೆ ಬೇರೆಬೇರೆಯಾಗಿ ಬೋರಲು ಹಾಕಿದ್ದವು. ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಪುಟ್ಟ ಬೀಗ. ಹುಡುಗಿಯ ಅಕ್ಕಿ, ಉಪ್ಪು, ಕುಡಿಯುವ ನೀರಿನ ಬಾಟಲಿ ಎಲ್ಲ ಅದರೊಳಗೆ. ಬೀಗದ ಕೈ ಅವಳ ಕೊರಳ ದಾರದಲ್ಲಿತ್ತು. ಎರಡು ಜನರ ಮನೆಯಲ್ಲಿ ಆ ಬೀಗ ಯಾರಿಗೆ ಹಾಕಿದ್ದು ಎಂದು ಕೇಳಬೇಕಾಗಿರಲಿಲ್ಲ.

ತಾಯಿ ಬಂದಳು. ನನ್ನನ್ನು ಕಂಡು ಗಾಬರಿಯಾಗಿ ಸೆರಗು ಸರಿಮಾಡಿಕೊಂಡು, "ಕೂತ್ಕೊಳಿ ಅಣ್ಣ" ಎಂದಳು. ನಾನು ನಿಂತೇ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅವಳು ಹೆಗಲಿನ ಚೀಲವನ್ನೂ ಇಳಿಸದೆ ಕೇಳಿದಳು. ನಡುವೆ ಒಂದು ಸಲ ಮಗಳ ಕಡೆ ನೋಡಿದಳು. ಮಗಳು ನೆಲ ನೋಡುತ್ತಿದ್ದಳು.

"ನಾಳೇನೇ ಸಂಘಕ್ಕೆ ಬರೆದು ಕೊಡ್ತೀನಮ್ಮ. ಪೇಪರಿನವರಿಗೂ ಕೊಡ್ತೀನಿ. ನನ್ನ ಹೆಸರು ಹಾಕೇ ಬರೀತೀನಿ."

"ಬರೀರಿ" ಎಂದಳು. "ಅವರು ಸೇರಿಸ್ಕೊಂಡ್ರೆ ಓಡ್ತಾಳೆ. ಇಲ್ಲಾಂದ್ರೆ ಇಲ್ಲ."

ಬೈಯಲಿ ಎಂದು ಕಾದೆ. ಬೈದಿದ್ದರೆ ಅರ್ಧ ಭಾರ ಅಲ್ಲೇ ಇಳಿಸಿ ಬರುತ್ತಿದ್ದೆ. ಅವಳು ಚೀಲವನ್ನು ಮೊಳೆಗೆ ನೇತುಹಾಕಿ, ಸಾವಕಾಶವಾಗಿ, ತನ್ನಷ್ಟಕ್ಕೆ ಮಾತಾಡಿಕೊಳ್ಳುವವಳ ಹಾಗೆ ಹೇಳಿದಳು:

"ಎಂಟು ತಿಂಗಳು ನಾನು ಹೇಳಿದೆ ಅಣ್ಣ. ಇವಳ ತಲೆ ಮೇಲೆ ಕೈಯಿಟ್ಟು ಹೇಳಿದೆ. ಹೆತ್ತವಳ ಮಾತು ಇವಳ ಕಿವಿಗೆ ಬೀಳ್ಲಿಲ್ಲ. ನೀವು ಇವತ್ತು ಒಂದ್ಸಲ ಬಾಯಿ ಬಿಟ್ರಿ, ನಂಬಿಬಿಟ್ಲು. ಅಷ್ಟು ಬೆಲೆ ಇದೆ ನಿಮ್ಮ ಮಾತಿಗೆ. ಅದನ್ನ ಅವತ್ತೇ ಆಡಬಾರದಿತ್ತಾ?"

ಹುಡುಗಿ ಕೊರಳ ದಾರವನ್ನು ಬಿಚ್ಚಿ, ಬೀಗದ ಕೈಯನ್ನು ಅಮ್ಮನತ್ತ ಚಾಚಿದಳು. ಮುಖ ಎತ್ತಿರಲಿಲ್ಲ. ತಾಯಿ ಅದನ್ನು ತಗೊಳ್ಳಲಿಲ್ಲ. "ನಿಂದು ನೀನೇ ಬೇಯಿಸ್ಕೊ ಇವತ್ತು. ನಂಗೆ ಸುಸ್ತಾಗಿದೆ" ಎಂದು ಒಳಗೆ ಹೋದಳು. ಹುಡುಗಿ ಚಾಚಿದ ಕೈ ಚಾಚಿಕೊಂಡೇ ನಿಂತಿದ್ದಳು, ನಾನು ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆ.